ಬೆನ್ನ ಮೇಲಿನ ಬಿಳಿ ಚೌಕ

ಜೂನ್ ೩

ಪ್ರೀತಿಯ ಮೊಂಡನಿಗೆ,

ಅಂತೂ ಆ ಫೋಟೋ ಕೈಗೆ ಬಂತು. ಲಾಯರಮ್ಮ ನಿನ್ನೆ ಸ್ಟುಡಿಯೋಗೇ ತಂದುಕೊಟ್ಟರು. ನಿನ್ನನ್ನು ಜೈಲಿಗೆ ಹಾಕಿಸಿದ ಫೋಟೋ ಇದೇನಾ ಎಂದು ನೋಡಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಗೋಡೌನಿನ ಬಾಗಿಲು, ಅದರ ಮುಂದೆ ನಮಗೆ ಬೆನ್ನು ಹಾಕಿ ನಿಂತ ಒಬ್ಬ ಮನುಷ್ಯ, ಬೆನ್ನಿನ ಮೇಲೊಂದು ಬಿಳಿ ಚೌಕ. ಮುಖ ಇಲ್ಲ, ಮೂತಿ ಇಲ್ಲ. ಕಾವಲಿನವರ ಅಂಗಿಯ ಬೆನ್ನಿಗೆ ಬಿಳಿ ಬಟ್ಟೆಯ ತುಂಡು ಹೊಲಿದಿರುತ್ತದೆ, ಆ ರಜೆಯ ಸಂಜೆ ಫ್ಯಾಕ್ಟರಿಯಲ್ಲಿ ಕಾವಲಿಗಿದ್ದವನು ನೀನೊಬ್ಬನೇ, ಆದ್ದರಿಂದ ಬಣ್ಣದ ಗೋಡೌನಿಗೆ ಬೆಂಕಿ ಇಟ್ಟವನೂ ನೀನೇ. ಇದು ಅವರ ವಾದ.

ಕ್ಯಾಮೆರಾ ಕೂರಿಸಿದ ಮಹಾಶಯ ಕೋರ್ಟಿನಲ್ಲಿ ಏನು ಹೇಳಿದ್ದಾನೆ ಗೊತ್ತಾ? ‘ಇದು ಹೊಸ ಕ್ಯಾಮೆರಾ ಸ್ವಾಮಿ. ಹಳೇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಪಿಕ್ಸೆಲ್. ಇದರ ಕಣ್ಣಿಗೆ ಮಣ್ಣೆರಚೋಕೆ ಯಾರಿಗೂ ಆಗಲ್ಲ.’ ಪಿಕ್ಸೆಲ್ ಜಾಸ್ತಿ ಆದರೆ ಸತ್ಯವೂ ಜಾಸ್ತಿ ಆಗುತ್ತದೆಯೇನೋ! ನಾನೂ ಇಷ್ಟು ವರ್ಷ ಕ್ಯಾಮೆರಾ ಹಿಡಿದೇ ಅನ್ನ ತಿಂದವಳು. ಆ ಫೋಟೋದಲ್ಲಿ ಏನೋ ಮಸಲತ್ತು ಇದೆ. ಕಂಪನಿಯವರು ಅದನ್ನು ತಿದ್ದಿ, ತೀಡಿ, ದೊಡ್ಡದು ಮಾಡಿದ್ದಾರೆ. ಕ್ಯಾಮೆರಾದಿಂದ ಬಂದ ಅಸಲು ಫ್ರೇಮುಗಳನ್ನು ಕೊಡಿಸಿ ಎಂದು ಲಾಯರಮ್ಮನಿಗೆ ಹೇಳಿದ್ದೇನೆ.

ನೀನು ಕ್ಯಾಂಟೀನಿನಲ್ಲಿ ಎಲ್ಲರೆದುರಿಗೆ ‘ಈ ಕ್ಯಾಮೆರಾಗಳಿಗೆ ಬೆಂಕಿ ಬೀಳ, ನಮ್ಮ ಕೆಲಸಕ್ಕೇ ಕುತ್ತು ತಂದ್ವಲ್ಲ’ ಅಂದೆಯಂತೆ. ಅದನ್ನೂ ಬರೆದುಕೊಂಡಿದ್ದಾರೆ. ನಿನ್ನ ಬಾಯಿಗೆ ಚಿಕ್ಕಂದಿನಲ್ಲೇ ಬೀಗ ಹಾಕಬೇಕಿತ್ತು. ಇನ್ನೊಂದು ವಿಷಯ. ಹೊಗೆ ಕಂಡ ಮೇಲೆ ಅಗ್ನಿಶಾಮಕದವರಿಗೆ ಫೋನ್ ಮಾಡಲು ನೀನು ಅಷ್ಟು ತಡ ಮಾಡಿದ್ದು ಯಾಕೆ, ಆ ಹೊತ್ತು ಎಲ್ಲಿದ್ದೆ ಎಂದು ಲಾಯರಮ್ಮ ಮತ್ತೆ ಮತ್ತೆ ಕೇಳುತ್ತಾರೆ. ನೀನು ಅವರ ಮುಂದೆ ಬಾಯಿ ಬಿಡುತ್ತಿಲ್ಲವಂತೆ. ನನಗಾದರೂ ಬರೆ.

ಅಪ್ಪ ಚೆನ್ನಾಗಿದ್ದಾರೆ. ಅವರನ್ನು ಒಬ್ಬರನ್ನೇ ಬಿಟ್ಟು ಅಷ್ಟು ದೂರ ಬರುವುದು ಹೇಗೆಂದು ನೋಡುತ್ತಿದ್ದೇನೆ, ಇಲ್ಲದಿದ್ದರೆ ಎಂದೋ ಬಂದು ಎರಡು ಬಾರಿಸಿ ಹೋಗುತ್ತಿದ್ದೆ. ಅವರ ಕೊಡೆ ಕಳೆದುಹೋಗಿದೆ, ಅದೊಂದೇ ರಾಮಾಯಣ. ಮನೆಯೆಲ್ಲ ಹುಡುಕುತ್ತಾರೆ. ಹೊಸದು ತಂದುಕೊಟ್ಟರೆ ಮೂಸಿಯೂ ನೋಡಲಿಲ್ಲ. ಸುಟ್ಟ ಕೈ ಹೇಗಿದೆ?

ನಿನ್ನ ಅಕ್ಕ

*

ಜೂನ್ ೧೧

ಅಕ್ಕಾ,

ಕೈ ವಾಸಿಯಾಗುತ್ತಿದೆ. ಇಲ್ಲಿನ ಕಾಂಪೌಂಡರು ಮುಲಾಮು ಹಚ್ಚುವುದನ್ನು ನೋಡಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ, ಆದರೆ ಮನುಷ್ಯ ಒಳ್ಳೆಯವನು. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಒಂದೇ ಕೋಣೆಯಲ್ಲಿ ನಾವು ಐವರು. ಅದರಲ್ಲೊಬ್ಬ ಗೊರಕೆ ಹೊಡೆದರೆ ಕಿಟಕಿಯ ಸರಳು ಅಲುಗುತ್ತದೆ.

ನೀನು ಆ ಫೋಟೋ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳಬೇಡ. ಅದನ್ನು ಕೆದಕಿ ಏನಾಗಬೇಕು? ಸ್ಟುಡಿಯೋ ನೋಡಿಕೋ. ಇಲ್ಲಿಂದ ಹೋಗುವ ಕಾಗದ, ಇಲ್ಲಿಗೆ ಬರುವ ಕಾಗದ ಎರಡನ್ನೂ ಓದಿ ಮುದ್ರೆ ಒತ್ತುತ್ತಾರೆ, ಅದಕ್ಕೇ ಹೆಚ್ಚು ಬರೆಯಲಾರೆ. ಆ ಹೊತ್ತು ಎಲ್ಲಿದ್ದೆ ಎಂದು ಕೇಳಿದ್ದೀಯ. ಅಲ್ಲೇ ಇದ್ದೆ. ಗಾಬರಿಯಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಅಪ್ಪನಿಗೆ ಹಳೆಯ ಥರದ್ದೇ ಕೊಡೆ ತಂದುಕೊಡು. ಉದ್ದದ್ದು, ಬಾಗಿದ ಹಿಡಿಯದ್ದು. ಮಡಚುವಂಥದ್ದು ಅವರಿಗೆ ಆಗುವುದಿಲ್ಲ. ಕಳೆದುಹೋಯಿತು ಎಂದು ಊರಿಗೆಲ್ಲ ಡಂಗುರ ಸಾರಬೇಡ, ಅವರಿಗೆ ಬೇಜಾರಾಗುತ್ತದೆ. ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕುತ್ತೀಯ ತಾನೇ? ಫ್ಯಾಕ್ಟರಿ ರಸ್ತೆ ಕಡೆ ಅವರನ್ನು ಬಿಡಬೇಡ. ಲಾರಿ ಓಡಾಟ ಜಾಸ್ತಿ.

ನಿನ್ನ ತಮ್ಮ

*

ಜೂನ್ ೧೯

ಮೊಂಡಾ,

ಲಾರಿ, ಚಿಲಕ, ಕೊಡೆ! ಜೈಲಿನಲ್ಲಿ ಕೂತು ನನಗೆ ಮನೆ ನಡೆಸುವುದನ್ನು ಕಲಿಸುತ್ತೀಯ. ನಿನ್ನ ಉಪದೇಶ ಆಮೇಲೆ, ಮೊದಲು ಇದನ್ನು ಕೇಳು.

ಅಸಲು ಫ್ರೇಮುಗಳು ಸಿಕ್ಕಿದವು. ನನ್ನ ಅನುಮಾನ ನಿಜವಾಯಿತು. ಅವರು ಕ್ಯಾಮೆರಾ ಬದಲಾಯಿಸಿದ್ದಾರೆ ಸರಿ, ಆದರೆ ಒಳಗಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಹಲಗೆ, ಹಳೆಯದರಷ್ಟೇ ಇದೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟೇ ಜಾಗದಲ್ಲಿ ಎಷ್ಟೋ ಪಟ್ಟು ಹೆಚ್ಚು ಪಿಕ್ಸೆಲ್ ತುರುಕಿದ್ದಾರೆ. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಒಂದು ಹಿಡಿ ಕಾಳನ್ನು ಕಣ್ಣು ಮುಚ್ಚಿ ನಾಲ್ಕು ಬಟ್ಟಲಿಗೆ ಎರಚಿದರೆ ನಾಲ್ಕರಲ್ಲೂ ಹೆಚ್ಚುಕಮ್ಮಿ ಸಮ ಬೀಳುತ್ತದೆ. ಅದೇ ಹಿಡಿಯನ್ನು, ಅದೇ ಜಾಗದಲ್ಲಿ ಒತ್ತೊತ್ತಾಗಿ ಇಟ್ಟ ನೂರಾರು ಪುಟಾಣಿ ಲೋಟಗಳ ಮೇಲೆ ಎರಚು. ಒಂದಕ್ಕೆ ಎರಡು, ಪಕ್ಕದ್ದಕ್ಕೆ ಏನೂ ಇಲ್ಲ, ಅದರಾಚೆಯದಕ್ಕೆ ಮೂರು. ಬೆಳಕೂ ಹಾಗೆಯೇ. ಹಾಡುಹಗಲಲ್ಲಿ ಮೂಟೆಗಟ್ಟಲೆ ಬೆಳಕು ಬೀಳುವುದರಿಂದ ಈ ವ್ಯತ್ಯಾಸ ಕಾಣುವುದಿಲ್ಲ. ಆ ಸಂಜೆ ಕರೆಂಟು ಹೋಗಿ ಕ್ಯಾಮೆರಾ ಬ್ಯಾಟರಿಯ ಮೇಲೆ ಓಡುತ್ತಿತ್ತಲ್ಲ, ಆ ಮಬ್ಬಿನಲ್ಲಿ ಒಂದೊಂದು ಪಿಕ್ಸೆಲಿಗೆ ಒಂದೆರಡು ಕಾಳು ಬೆಳಕೂ ಸಿಗುವುದಿಲ್ಲ. ಆಗ ಗೋಡೆ ಒಂದೇ ಬಣ್ಣದ್ದಾದರೂ ಫೋಟೋದಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ. ಇದನ್ನೇ ನಾವು ನಾಯ್ಸ್ ಅನ್ನುವುದು.

ಹಾಗಂತ ಹೊಸ ಕ್ಯಾಮೆರಾ ಕೆಟ್ಟದ್ದು ಎಂದಲ್ಲ. ಇಡೀ ಚಿತ್ರವನ್ನು ಹಳೆಯ ಅಳತೆಗೇ ಇಳಿಸಿ ನೋಡಿದರೆ ಅಕ್ಕಪಕ್ಕದ ಲೋಟಗಳು ಒಂದಕ್ಕೊಂದು ಸೇರಿ ಚುಕ್ಕಿ ಕಡಿಮೆಯಾಗುತ್ತದೆ. ಇವರು ಮಾಡಿದ್ದು ಉಲ್ಟಾ. ಪಿಕ್ಸೆಲ್ ಬೇಕಾದಷ್ಟಿದೆಯಲ್ಲ ಎಂಬ ಧೈರ್ಯದಲ್ಲಿ ಚಿತ್ರದ ಮೂಲೆಯಿಂದ ಉಗುರಿನಷ್ಟು ಕತ್ತರಿಸಿ ಗೋಡೆಯಷ್ಟು ಹಿಗ್ಗಿಸಿದ್ದಾರೆ. ಹಿಗ್ಗಿಸಿದ ಮೇಲೆ ಚುಕ್ಕಿ ಎದ್ದು ಕಂಡಿದೆ. ಆ ಚುಕ್ಕಿಯನ್ನು ಅಳಿಸಲು ಕಂಪ್ಯೂಟರಿನಲ್ಲಿ ಉಜ್ಜಿ ನುಣುಪು ಮಾಡಿದ್ದಾರೆ.

ನುಣುಪು ಮಾಡುವುದರ ಕಷ್ಟ ನನಗೆ ಗೊತ್ತು. ಒಮ್ಮೆ ಒಬ್ಬಳ ಮುಖ ನುಣುಪು ಮಾಡಲು ಹೋಗಿ ಕೆನ್ನೆಯ ಮಚ್ಚೆಯನ್ನೇ ಹಾರಿಸಿಬಿಟ್ಟಿದ್ದೆ, ಅವಳಮ್ಮ ಬಂದು ‘ಇದ್ಯಾರ ಮಗಳು?’ ಎಂದು ಜಗಳ ಆಡಿರಲಿಲ್ಲವೇ? ನುಣುಪು ಮಾಡಿದರೆ ಸಣ್ಣದು ಅಳಿಸುತ್ತದೆ, ಅಕ್ಕಪಕ್ಕ ಬಿದ್ದ ಬಿಳಿ ಚುಕ್ಕಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ನಿನ್ನ ಬೆನ್ನಿನ ಬಿಳಿ ಚೌಕ ಹುಟ್ಟಿದ್ದು ಹಾಗೆ! ಅದು ಬಟ್ಟೆಯೂ ಅಲ್ಲ, ಮಣ್ಣೂ ಅಲ್ಲ. ಹಿಂದಿನ ಫ್ರೇಮಿನಲ್ಲಿ ಅದು ಇಲ್ಲ, ಮುಂದಿನದರಲ್ಲೂ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಗಿದೆ.

ಇಷ್ಟಕ್ಕೇ ಬಿಡುವುದಿಲ್ಲ. ಆ ಮನುಷ್ಯ ಬಾಗಿಲ ಮುಂದೆ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿದ್ದಾನೆ. ಅವನು ಒಳಗೆ ಹೋದ ಮೇಲಿನ ಫ್ರೇಮುಗಳಲ್ಲಿ ಕತ್ತಲೆ, ಹೊಗೆ ಬಿಟ್ಟರೆ ಏನೂ ಕಾಣುವುದಿಲ್ಲ. ಆ ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆಯುತ್ತೇನೆ. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ಪೇರಿಸಿದರೆ ಕರಗುತ್ತದೆ. ನಿಜವಾಗಿ ಅಲ್ಲಿರುವುದು ಇದ್ದಲ್ಲೇ ಇರುತ್ತದೆ. ಆಗ ಆ ಕಳ್ಳ ಯಾರೆಂದು ಅವನ ಬೆನ್ನೇ ಹೇಳುತ್ತದೆ. ನೋಡುತ್ತಿರು.

ಅಕ್ಕ

*

ಜೂನ್ ೨೭

ಅಕ್ಕಾ,

ಚೌಕ ಸುಳ್ಳು ಎಂದು ಗೊತ್ತಾಯಿತಲ್ಲ. ಸಾಕು. ಲಾಯರಮ್ಮನಿಗೆ ಅಷ್ಟನ್ನು ಮಾತ್ರ ಕೊಡು. ಪೇರಿಸುವುದು ಗೀರಿಸುವುದು ಏನೂ ಬೇಡ.

ನೀನು ಯಾಕೆ ಎಂದು ಕೇಳುತ್ತೀಯ, ಕೇಳದೆ ಬಿಡುವವಳಲ್ಲ. ಆ ಮನುಷ್ಯ ಯಾರಾದರೆ ನಮಗೇನು? ಪಾಪ, ಯಾವನೋ ಏನೋ. ಅವನಿಗೂ ಮನೆ ಇರುತ್ತದೆ. ನಾನು ಅಲ್ಲವೆಂದು ಆದರೆ ಆಯಿತು, ಅವನು ಹೌದೆಂದು ತೋರಿಸುವುದು ನಮ್ಮ ಕೆಲಸ ಅಲ್ಲ. ಒಂದು ಸಲವಾದರೂ ನನ್ನ ಮಾತು ಕೇಳು, ಕೈ ಮುಗಿಯುತ್ತೇನೆ.

ಅಪ್ಪ ಹೊರಗೆ ಹೋಗುತ್ತಾರೋ ಇಲ್ಲವೋ ನೀನು ಬರೆಯಲೇ ಇಲ್ಲ. ಅವರು ಊಟ ಮಾಡುತ್ತಾರಾ? ನನ್ನನ್ನು ಕೇಳುತ್ತಾರಾ? ಗೋಡೌನಿನ ಸುದ್ದಿ ಅವರ ಮುಂದೆ ಎತ್ತಬೇಡ.

ತಮ್ಮ

*

ಜುಲೈ ೬

ತಮ್ಮನಿಗೆ,

ನೀನು ಬೇಡವೆಂದರೂ ಪೇರಿಸಿದೆ. ಚೆನ್ನಾಗಿರುವ ನಾಲ್ಕೈದು ಫ್ರೇಮುಗಳನ್ನು ಆರಿಸಿಕೊಂಡೆ. ಚೌಕ ಪೂರ್ತಿ ಮಾಯವಾಯಿತು. ಚುಕ್ಕಿಯೂ ಇಳಿಯಿತು. ಮನುಷ್ಯನ ಆಕಾರ ಉಳಿಯಿತು.

ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿ ಗೋಡೆಗೆ ಸಿಕ್ಕಿಸಿ, ದೂರ ನಿಂತು ನೋಡಿದೆ. ಬಲಗಡೆ ಇಳಿಬಿದ್ದ ಹೆಗಲು. ಉದ್ದ ಕತ್ತು. ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಪಕ್ಕಕ್ಕೆ ಚೆಲ್ಲಿ ನಿಂತ ನಿಲುವು. ಹೊರಕ್ಕೆ ಚಾಚಿದ ಕಿವಿ. ನಾನು ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಶಾಲೆಗೆ ಹೋಗುವಾಗ ನನಗಿಂತ ಮುಂದೆ ಓಡುತ್ತಿದ್ದ ನಿನ್ನ ಬೆನ್ನನ್ನು ವರ್ಷಗಟ್ಟಲೆ ನೋಡಿದವಳು. ಯಾರ ಕಣ್ಣಿಗೆ ಮಣ್ಣೆರಚಿದರೂ ನನ್ನ ಕಣ್ಣಿಗೆ ಆಗುವುದಿಲ್ಲ.

ಲಾಯರಮ್ಮನಿಗೆ ತೋರಿಸಿಲ್ಲ. ಅವರು ಬಂದಾಗ ಗೋಡೆಯಿಂದ ಕಿತ್ತು ಹಾಸಿಗೆಯ ಕೆಳಗೆ ಇಟ್ಟೆ. ‘ಇನ್ನೂ ಆಗಿಲ್ಲ ಮೇಡಂ’ ಎಂದು ಸುಳ್ಳು ಹೇಳಿದೆ.

ಪೇರಿಸಬೇಡ ಎಂದು ಯಾಕೆ ಅಷ್ಟು ಬೇಡಿಕೊಂಡೆ ಎಂದು ಈಗ ಗೊತ್ತಾಗುತ್ತಿದೆ. ನಾನು ನೋಡಿದ್ದು ನಿಜವೋ ಸುಳ್ಳೋ, ಅಷ್ಟು ಬರೆ. ಬೇರೆ ಏನನ್ನೂ ಕೇಳುವುದಿಲ್ಲ.

ಅಕ್ಕ

*

ಜುಲೈ ೧೪

ಅಕ್ಕಾ,

ಕೊನೆಗೂ ನೋಡಿಬಿಟ್ಟೆ. ನಿನ್ನ ಕಣ್ಣಿಂದ ತಪ್ಪಿಸಲು ಆಗುವುದಿಲ್ಲವೆಂದು ನನಗೆ ಮೊದಲೇ ಭಯವಿತ್ತು.

ನೀನು ನೋಡಿದ್ದು ನಿಜ. ಇದಕ್ಕಿಂತ ಬಿಡಿಸಿ ಬರೆಯಲಾರೆ, ಓದುವವರು ಇದ್ದಾರೆ. ಯಾರ ಮೇಲೂ ಹಗೆಯಿಂದ ಮಾಡಿದ್ದಲ್ಲ ಅಕ್ಕಾ. ತಲೆ ನೆಟ್ಟಗಿರಲಿಲ್ಲ, ಅಷ್ಟೇ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೇವೆ ಎಂಬ ಎಚ್ಚರವೇ ಇರಲಿಲ್ಲ. ಯಾರಿಗೂ ಗಾಯವಾಗಲಿಲ್ಲವಲ್ಲ, ಪುಣ್ಯ.

ಆ ಪ್ರಿಂಟನ್ನು ಹರಿದುಹಾಕು. ಕಂಪ್ಯೂಟರಿನಿಂದಲೂ ಅಳಿಸು. ನೀನು ಸಿಟ್ಟು ಮಾಡಬೇಡ, ಮನೆಯಲ್ಲಿ ಯಾವತ್ತಿನ ಹಾಗೇ ಇರು, ಮುಖದಲ್ಲಿ ಏನನ್ನೂ ತೋರಿಸಬೇಡ. ಶಿಕ್ಷೆ ಯಾರು ಅನುಭವಿಸಬೇಕೋ ಅವರು ಅನುಭವಿಸಲಿ. ನನಗೆ ಅದರಲ್ಲಿ ಬೇಸರ ಇಲ್ಲ.

ತಮ್ಮ

*

ಜುಲೈ ೨೧

ಹಾಗಾದರೆ ನೀನೇ.

‘ತಲೆ ನೆಟ್ಟಗಿರಲಿಲ್ಲ.’ ಎಷ್ಟು ಸುಲಭವಾಗಿ ಬರೆದೆ! ಎಚ್ಚರ ಇರಲಿಲ್ಲವಂತೆ. ಕುಡಿದಿದ್ದೆಯಾ? ಕೆಲಸ ಹೋಗುತ್ತದೆ ಎಂಬ ಸಿಟ್ಟಿಗೆ ಅಪ್ಪ ಇಡೀ ಆಯುಷ್ಯ ಕಳೆದ ಗೋಡೌನೇ ಬೇಕಿತ್ತಾ ನಿನಗೆ? ಅಲ್ಲಿನ ಒಂದೊಂದು ಡಬ್ಬಿಯನ್ನೂ ಅವರು ಮಕ್ಕಳ ಹಾಗೆ ಎಣಿಸಿ ಇಟ್ಟಿದ್ದರು. ನಿವೃತ್ತಿಯಾಗುವಾಗ ತಮ್ಮ ಹೆಸರು ಹೇಳಿ ಗೇಟಿನಲ್ಲಿ ನಿನಗೆ ಕೆಲಸ ಕೊಡಿಸಿದರು. ಒಳ್ಳೆಯ ಋಣ ತೀರಿಸಿದೆ.

ಇಷ್ಟು ದಿನ ನಿನಗೆ ಕೊರಗಾಗಬಾರದು ಎಂದು ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯುತ್ತಿದ್ದೆ. ಇನ್ನು ಯಾಕೆ ಮುಚ್ಚಿಡಲಿ? ಅವರು ಚೆನ್ನಾಗಿಲ್ಲ. ಬೆಳಿಗ್ಗೆ ಎದ್ದು ಅಂಗಿ ಹಾಕಿಕೊಂಡು ‘ಡ್ಯೂಟಿಗೆ ಹೊತ್ತಾಯ್ತು’ ಎಂದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಹಳೆಯ ಬೀಗದ ಕೈಗಳನ್ನೆಲ್ಲ ಜೇಬಿನಲ್ಲಿ ತುಂಬಿಕೊಂಡಿರುತ್ತಾರೆ. ಮೊನ್ನೆ ನನ್ನನ್ನು ‘ನೀವು ಯಾರ ಪೈಕಿ ತಾಯಿ?’ ಎಂದು ಕೇಳಿದರು. ಸ್ಟುಡಿಯೋದಲ್ಲಿ ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿ ಒಂದು ಕಣ್ಣು ಅವರ ಮೇಲೆ, ಒಂದು ಕಣ್ಣು ಕ್ಯಾಮೆರಾದ ಮೇಲೆ ಇಟ್ಟುಕೊಂಡು ದಿನ ದೂಡುತ್ತಿದ್ದೇನೆ. ತಮ್ಮ ಬಂದರೆ ಒಂದು ಹೆಗಲು ಸಿಗುತ್ತದೆ ಎಂದು ಕಾದಿದ್ದೆ.

ಮುಖದಲ್ಲಿ ಏನನ್ನೂ ತೋರಿಸಬೇಡ ಎನ್ನುತ್ತೀಯ. ಯಾರಿಗೆ ತೋರಿಸಲಿ? ಆ ಮನುಷ್ಯನಿಗೆ ನನ್ನ ಮುಖವೇ ನೆನಪಿಲ್ಲ.

ಇನ್ನು ಬರೆಯಬೇಡ.

*

ಜುಲೈ ೨೯

ಅಕ್ಕಾ,

ಬರೆಯಬೇಡ ಎಂದಿದ್ದೀಯ, ಇದೊಂದು ಸಲ ಓದು.

ನಿನ್ನ ಕಾಗದವನ್ನು ಎರಡು ಸಲ ಓದಿದ ಮೇಲೆ ನನಗೆ ವಿಷಯ ಹೊಳೆಯಿತು. ನೀನು ಹೇಳಿದ್ದೇ ಸರಿ. ನಾನೇ ಮಾಡಿದ್ದು. ಕುಡಿದಿದ್ದೆ ಎಂದೇ ಇಟ್ಟುಕೋ. ಕ್ಯಾಮೆರಾದವರ ಮೇಲೆ ಸಿಟ್ಟಿತ್ತು. ಗೋಡೌನಿನ ಕೀಲಿ ನನ್ನ ಕೈಯಲ್ಲೇ ಇತ್ತು, ನೇರವಾಗಿ ಹೋದೆ, ಬಾಗಿಲು ತೆಗೆದೆ, ಕಡ್ಡಿ ಗೀರಿ ಎಸೆದು ಬಂದೆ. ಕಣ್ಣು ಮುಚ್ಚಿ ತೆಗೆಯುವಷ್ಟರ ಕೆಲಸ. ಕೋರ್ಟಿನ ಮುಂದಿನ ವಾಯಿದೆ ಆಗಸ್ಟ್ ೧೮ಕ್ಕೆ ಇದೆ. ಅವತ್ತು ಒಪ್ಪಿಕೊಂಡುಬಿಡುತ್ತೇನೆ, ಲಾಯರಮ್ಮನಿಗೆ ಹೇಳಿಬಿಡು. ಫೋಟೋ, ಫ್ರೇಮು ಯಾವುದೂ ಬೇಕಾಗುವುದಿಲ್ಲ.

ನನ್ನ ಮೇಲಿನ ಸಿಟ್ಟನ್ನು ಅಪ್ಪನ ಮೇಲೆ ತೀರಿಸಬೇಡ. ಅವರು ಅಷ್ಟು ಮರೆಯುತ್ತಾರೆ ಎಂದು ನೀನು ಮೊದಲೇ ಬರೆಯಬೇಕಿತ್ತು. ಅಲ್ಲ, ಬರೆಯದಿದ್ದದ್ದೇ ಒಳ್ಳೆಯದಾಯಿತೋ ಏನೋ. ಕೆಲವನ್ನು ಮರೆತರೇ ವಾಸಿ. ಡ್ಯೂಟಿಗೆ ಹೊರಟರೆ ‘ಇವತ್ತು ರಜೆ ಅಪ್ಪಾ’ ಎಂದು ಹೇಳು, ಕೂತುಬಿಡುತ್ತಾರೆ.

ನೀನು ನನ್ನ ಮೇಲೆ ಎಷ್ಟು ಸಿಟ್ಟು ಮಾಡಿದರೂ ನನಗೆ ನೋವಿಲ್ಲ. ಸತ್ಯವಾಗಿ ಹೇಳುತ್ತೇನೆ, ಈ ಕಾಗದ ಬರೆಯುವಾಗ ಎದೆ ಹಗುರವಾಗಿದೆ.

ನಿನ್ನ ಮೊಂಡ

*

ಆಗಸ್ಟ್ ೬

ಮೊಂಡಾ, ಲೇ ಮೊಂಡಾ,

ಸುಳ್ಳು ಹೇಳುವುದರಲ್ಲಿ ನೀನು ಹುಟ್ಟು ದಡ್ಡ. ಬೆಲ್ಲ ಕದ್ದು ತಿಂದು, ಕೇಳುವ ಮೊದಲೇ ‘ಬೆಲ್ಲ ನಾನು ತಿಂದಿಲ್ಲ’ ಎನ್ನುತ್ತಿದ್ದವನು ನೀನು.

ನೇರವಾಗಿ ಹೋದೆ, ಬಾಗಿಲು ತೆಗೆದೆ ಎಂದು ಬರೆದಿದ್ದೀಯ. ಅಯ್ಯಾ, ಆ ಮನುಷ್ಯ ಬಾಗಿಲ ಮುಂದೆ ಅಷ್ಟು ಹೊತ್ತು ನಿಂತಿದ್ದರಿಂದಲೇ ನನಗೆ ಫ್ರೇಮು ಪೇರಿಸಲು ಆದದ್ದು! ಕೀಲಿ ಕೈಯಲ್ಲಿದ್ದವನು ಅಷ್ಟು ಹೊತ್ತು ಯಾಕೆ ನಿಲ್ಲುತ್ತಾನೆ? ಓದಿದವಳೇ ಕಂಪ್ಯೂಟರಿನ ಮುಂದೆ ಕೂತೆ. ನೀನು ಅಳಿಸು ಎಂದದ್ದನ್ನು ನಾನು ಅಳಿಸಿರಲಿಲ್ಲ, ಸಿಟ್ಟಿನಲ್ಲೂ ಅಳಿಸಿರಲಿಲ್ಲ. ಮೊದಲು ನಾಲ್ಕೈದು ಫ್ರೇಮು ಮಾತ್ರ ಹಾಕಿದ್ದೆನಲ್ಲ, ಈ ಸಲ ಅವನು ನಿಂತಿರುವ ಫ್ರೇಮು ಎಷ್ಟಿವೆಯೋ ಅಷ್ಟನ್ನೂ ಸಾಲಾಗಿ ನೋಡಿದೆ. ಅವನು ಕೀಲಿ ಹುಡುಕುವವನ ಹಾಗೆ ಜೇಬು ತಡಕುತ್ತಿದ್ದಾನೆ. ಒಂದು ಜೇಬು, ಇನ್ನೊಂದು ಜೇಬು, ಮತ್ತೆ ಮೊದಲಿನದು. ಕೈ ಮಾತ್ರ ಆಡುತ್ತದೆ, ಬೆನ್ನು ಅಲುಗುವುದಿಲ್ಲ. ಆ ಬೆನ್ನಿನ ಮೇಲೆ ಅಷ್ಟೂ ಫ್ರೇಮು ಪೇರಿಸಿದೆ.

ಚುಕ್ಕಿಯೆಲ್ಲ ಕರಗಿದ ಮೇಲೆ ಕತ್ತಿನಿಂದ ಸೊಂಟದವರೆಗೆ ನೆಟ್ಟಗೆ ಒಂದು ಕಪ್ಪು ಗೆರೆ ಎದ್ದು ಬಂತು. ಮೇಲುಗಡೆ ಕೊರಳಪಟ್ಟಿಯ ಹತ್ತಿರ ಕೊಕ್ಕೆಯ ಹಾಗೆ ಬಾಗಿತ್ತು. ಒಂದೊಂದೇ ಫ್ರೇಮಿನಲ್ಲಿ ಅದು ನಾಯ್ಸಿನಲ್ಲಿ ಮುಳುಗಿತ್ತು. ಕಂಪನಿಯವರ ನುಣುಪಿನಲ್ಲಿ, ಆ ಹುಡುಗಿಯ ಮಚ್ಚೆಯ ಹಾಗೆ, ಅಳಿಸಿಯೇ ಹೋಗಿತ್ತು. ಎರಡು ಕೈಗೂ ಕೆಲಸ ಇದ್ದಾಗ ಕೊಡೆಯನ್ನು ಕೊರಳಪಟ್ಟಿಗೆ ಹಿಂದುಗಡೆ ಸಿಕ್ಕಿಸಿಕೊಳ್ಳುವವರು ನಮಗೆ ಗೊತ್ತಿರುವಂತೆ ಇಡೀ ಊರಿನಲ್ಲಿ ಒಬ್ಬರೇ.

ನಾನು ನಿನ್ನ ಬೆನ್ನು ಎಂದುಕೊಂಡದ್ದು ತಪ್ಪಲ್ಲ ಕಣೋ. ನಿನಗೆ ಆ ಬೆನ್ನನ್ನು ಕೊಟ್ಟವರದೇ ಅದು.

ಆ ಸಂಜೆ ನಾನು ಒಂದು ದೊಡ್ಡ ಕುಟುಂಬವನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಅಪ್ಪ ಹಿತ್ತಲ ಕಡೆಯಿಂದ ಬಂದು ಸ್ನಾನಕ್ಕೆ ಹೋದರು. ಅಂಗಿಯಲ್ಲಿ ಹೊಗೆಯ ವಾಸನೆ ಇತ್ತು. ಎಲ್ಲೋ ಕಸ ಸುಡುವ ಹತ್ತಿರ ನಿಂತಿರಬೇಕು ಎಂದು ಒಗೆಯಲು ಹಾಕಿದೆ. ನೀನು ಅವರನ್ನು ಹೊರಗೆ ತಂದು, ಗಾಡಿ ಹತ್ತಿಸಿ ಮನೆಗೆ ಕಳಿಸಿ, ಆಮೇಲೆ ಫೋನ್ ಮಾಡಿದ್ದೀಯ. ಅದಕ್ಕೇ ತಡವಾಯಿತು. ಕೊಡೆ ಒಳಗೇ ಸುಟ್ಟುಹೋಗಿರಬೇಕು. ನಾನು ನಿನ್ನನ್ನು ಕುಡುಕ ಎಂದೆ. ಆ ಕಾಗದವನ್ನು ಹೇಗಾದರೂ ವಾಪಸು ಪಡೆಯಲು ಆಗುವುದಾದರೆ ನಡೆದುಕೊಂಡೇ ಅಲ್ಲಿಗೆ ಬಂದುಬಿಡುತ್ತಿದ್ದೆ.

ಪ್ರಿಂಟನ್ನು ಏನು ಮಾಡುವುದು ಎಂದು ತಿಳಿಯದೆ ಮೇಜಿನ ಮೇಲೆ ಇಟ್ಟು ಕೂತಿದ್ದೆ. ಒಂದು ಕಡೆ ನೀನು, ಒಂದು ಕಡೆ ಅವರು. ಹರಿಯಲು ಒಮ್ಮೆ ಕೈಗೂ ತೆಗೆದುಕೊಂಡೆ. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದು ಬಂದು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಅವರ ಮುಖ ಅರಳಿತು.

‘ನೋಡಮ್ಮಾ, ಸಿಕ್ತು ನೋಡು ನನ್ನ ಕೊಡೆ! ಎಲ್ಲಿತ್ತು ಇದು?’

ನನ್ನ ಕೈಯಿಂದ ಫೋಟೋ ತೆಗೆದುಕೊಂಡು ಬೆರಳಿಟ್ಟು ತೋರಿಸಿದರು.

‘ಇದು ನಮ್ಮ ಗೋಡೌನಿನ ಬಾಗಿಲು. ಇದು ನಾನು’ ಎಂದರು. ಆಮೇಲೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಇದ್ದರು. ‘ಅವತ್ತು ಸ್ಟಾಕು ನೋಡೋಕೆ ಹೋಗಿದ್ದೆ. ಕರೆಂಟಿರಲಿಲ್ಲ. ಅವನು ಬಂದ. ಅಪ್ಪಾ, ಹೊರಗೆ ಬಾ, ಹೊರಗೆ ಬಾ ಅಂತ ಕೂಗ್ತಾ ಬಂದ.’ ನನ್ನ ಕಡೆ ತಿರುಗಿದರು. ಎಷ್ಟೋ ವಾರಗಳ ಮೇಲೆ ನನ್ನನ್ನು ಹೆಸರು ಹಿಡಿದು ಕರೆದರು ಕಣೋ. ‘ಹಾಗಾದ್ರೆ ಅವನ್ಯಾಕೆ ಅಲ್ಲಿದಾನೆ? ಹೋಗಬೇಕಾದೋನು ನಾನಲ್ವಾ? ನಡಿ, ಹೇಳಿ ಬರೋಣ.’

ಲಾಯರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿ ಬಂದೆವು. ಡಾಕ್ಟರಿಗೂ ತೋರಿಸಿದ್ದಾಯಿತು. ‘ನಾನು ಮಾತು ಕೊಡೋಕಾಗಲ್ಲ, ಆದ್ರೆ ಈ ಸ್ಥಿತಿಯಲ್ಲಿರೋರನ್ನ ಯಾವ ಜಡ್ಜೂ ಒಳಗೆ ಹಾಕೋಕೆ ಮನಸ್ಸು ಮಾಡಲ್ಲ. ನಿಮ್ಮ ತಮ್ಮ ಮಾತ್ರ ಒಪ್ಕೊಂಡುಬಿಟ್ರೆ ಯಾರೂ ಏನೂ ಮಾಡೋಕಾಗಲ್ಲ’ ಎಂದು ಲಾಯರಮ್ಮ ಹೇಳಿದ್ದಾರೆ. ಹದಿನೆಂಟಕ್ಕೆ ನೀನು ಬಾಯಿ ಬಿಟ್ಟರೆ ನೋಡು! ನಾನೂ ಅಪ್ಪನೂ ಅವತ್ತು ಕೋರ್ಟಿನಲ್ಲಿ ನಿನ್ನ ಕಣ್ಣೆದುರಿಗೇ ಇರುತ್ತೇವೆ. ಸಿಟ್ಟು ಬಂದರೆ ಬರಲಿ, ಮನೆಗೆ ಬಂದು ಮಾಡು.

ಮರುದಿನ ಅಪ್ಪನಿಗೆ ಏನೂ ನೆನಪಿರಲಿಲ್ಲ. ಕೊಡೆ ಎಲ್ಲಿ ಎಂದು ಮತ್ತೆ ಹುಡುಕಲು ಶುರುಮಾಡಿದರು. ಆದರೆ ಹಿಂದಿನ ದಿನ ಲಾಯರಮ್ಮನ ಆಫೀಸಿನಲ್ಲಿ ಪೆನ್ನು ಇಸಿದುಕೊಂಡು, ಯಾರೂ ಹೇಳಿಕೊಡದೆ, ಕೆಳಗಿನ ಸಾಲುಗಳನ್ನು ತಮ್ಮ ಕೈಯಾರೆ ಬರೆದಿದ್ದಾರೆ. ನಿನಗೆ ಕಳಿಸಲು ಹೇಳಿದ್ದರು.

ನಿನ್ನ ಅಕ್ಕ

ಮಗನಿಗೆ,

ಗೋಡೌನಿನ ಒಳಗೆ ಯಾರೂ ಕಡ್ಡಿ ಗೀರಕೂಡದು ಎಂದು ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದವನು ನಾನು. ಅವತ್ತು ಕತ್ತಲಾಗಿತ್ತು, ಗೀರಿದವನೂ ನಾನೇ. ನೀನು ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ನಿನ್ನ ಕೈ ಸುಟ್ಟಿತ್ತು, ಆದರೂ ಬಿಡಲಿಲ್ಲ. ಇದು ಈಗ ನೆನಪಿದೆ. ನಾಳೆ ಇರುತ್ತದೋ ಇಲ್ಲವೋ, ಅದಕ್ಕೆ ಬರೆದು ಸಹಿ ಹಾಕಿದ್ದೇನೆ.

ಮನೆಗೆ ಬಾ. ನೀನು ಬಂದಾಗ ನಾನು ಗುರುತು ಹಿಡಿಯದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಬೆನ್ನು ತಿರುಗಿಸಿ ನಿಂತುಕೋ. ನನಗೆ ಗೊತ್ತಾಗುತ್ತದೆ.

ಅಪ್ಪ